ಗಳಿಗೆ ಮುರಿಯದ ಗ್ಲಾಡಿಯೋಲಸ್

ಅಂಗಡಿಗೆ ಬಂದು, ತಮಗೆ ಏನು ಬೇಕೆಂದು ತಮಗೇ ತಿಳಿಯದೆ ಕೂರುವ ಗಿರಾಕಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಇಳಕಲ್ಲಿನಲ್ಲಿ ನನ್ನದೊಂದು ಸಣ್ಣ ಸೀರೆ ಅಂಗಡಿ ಇದೆ. ಅಣ್ಣ ನೇಯುತ್ತಾನೆ, ನಾನು ಮಾರುತ್ತೇನೆ. ಅಣ್ಣನಿಗೆ ಗಿರಾಕಿಗಳ ಹತ್ತಿರ ಮಾತು ಬಾರದು, ನನಗೆ ಮಗ್ಗ ಬಾರದು, ಹೀಗಾಗಿ ಕೆಲಸದ ಹಂಚಿಕೆ ಜಗಳವಿಲ್ಲದೆ ಆಗಿಹೋಯಿತು. ಗಾದಿಯ ಮೇಲೆ ಕೂತ ಹೆಣ್ಣುಮಕ್ಕಳು "ಇದ ದಡಿಯೊಳಗ ಹಸರ ಒಡಲ ಐತೇನ್ರಿ? ಅದ ಹಸರಿನ್ಯಾಗ ಬ್ಯಾರೆ ದಡಿ ಐತೇನ್ರಿ? ಒಂದೀಟ ಬಿಚ್ಚಿ ತೋರಸ್ರಿ" ಎಂದು ಶುರು ಮಾಡಿದರೆ ನನ್ನ ಮುಖ ತಾನಾಗಿಯೇ ಗಂಟಿಕ್ಕಿಕೊಳ್ಳುತ್ತದೆ. ಸೆರಗಿನ ತುದಿ ತೋರಿಸುತ್ತೇನೆ, ದಡಿ ತೋರಿಸುತ್ತೇನೆ, ಆದರೆ ಪೂರ್ತಿ ಬಿಚ್ಚುವುದಿಲ್ಲ. ಹೊಸ ಸೀರೆಯ ಮಡಿಕೆಯನ್ನು ಮೊದಲ ಸಲ ಬಿಚ್ಚುವುದಕ್ಕೆ ನಮ್ಮ ಕಡೆ ಗಳಿಗೆ ಮುರಿಯುವುದು ಎನ್ನುತ್ತಾರೆ. ಗಳಿಗೆ ಮುರಿದ ಸೀರೆಯನ್ನು ಯಾರೂ ಯಾರಿಗೂ ಉಡುಗೊರೆ ಕೊಡುವುದಿಲ್ಲ, ಕೊಟ್ಟರೆ ನೆಂಟಸ್ತನ ಉಳಿಯುವುದಿಲ್ಲ. ಈ ಒಂದು ತತ್ವವನ್ನು ಹಿಡಿದುಕೊಂಡು ನಾನು ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ. ಗೊಂದಲದ ಗಿರಾಕಿಗಳನ್ನು ಮನೆಗೆ ಹೋಗಿ ಅಣಕಿಸಿ ಹೆಂಡತಿಯನ್ನು ನಗಿಸಿದ್ದೇನೆ. ದೇವರು ಎಲ್ಲವನ್ನೂ ನೋಡುತ್ತಿರುತ್ತಾನೆ ಎನ್ನುತ್ತಾರಲ್ಲ, ಅದರಲ್ಲಿ ಸೀರೆ ಅಂಗಡಿಯೂ ಸೇರಿದೆ ಎಂದು ನನಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ಸುವರ್ಣಾ ಹುನಗುಂದದ ಒಂದು ಸರಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಆಗಿದ್ದಳು ಎನ್ನಬೇಕು. ಊರಿನವರಿಗೆಲ್ಲ ಅವಳು 'ದೊಡ್ಡ ಅಕ್ಕೋರು'. ದಿನಾ ಬೆಳಿಗ್ಗೆ ಇಳಕಲ್ಲಿನಿಂದ ಬಸ್ಸು ಹತ್ತಿ ಹೋಗಿ ಸಂಜೆ ಬರುವವಳು. ಆ ಶಾಲೆಯಲ್ಲಿ ಯಾರ ಬೀಳ್ಕೊಡುಗೆಯಿರಲಿ, ಯಾವ ಜಯಂತಿಯಿರಲಿ, ವೇದಿಕೆಯ ಜವಾಬ್ದಾರಿ ಅವಳದೇ. ಬೀರುವಿನಲ್ಲಿ ಪ್ಲಾಸ್ಟಿಕ್ ಗುಲಾಬಿಯ ಎರಡು ಕುಂಡಗಳಿದ್ದವು. ಪ್ರತಿ ಸಲ ಅವನ್ನು ತೆಗೆದು ಧೂಳು ಒರೆಸಿ ಮೇಜಿನ ಮೇಲಿಡುವುದು, ಸಂಜೆ ಮತ್ತೆ ಬೀರುವಿಗೆ ಸೇರಿಸುವುದು. ಒಮ್ಮೆ ಬಾಗಲಕೋಟೆಯಲ್ಲಿ ಬಳಗದವರ ಮದುವೆಗೆ ಹೋದಾಗ ವೇದಿಕೆಯ ಎರಡೂ ಬದಿ ಉದ್ದುದ್ದ ದಂಟಿನ ಕೆಂಪು ಹೂಗಳನ್ನು ನಿಲ್ಲಿಸಿದ್ದರು. ಬುಡದಿಂದ ತುದಿಯವರೆಗೆ ಸಾಲಾಗಿ ಅರಳಿದ್ದವು. ಅವಳು ಊಟದ ಪಾಳಿ ತಪ್ಪಿದರೂ ಲೆಕ್ಕಿಸದೆ ನೋಡುತ್ತ ನಿಂತಳು. "ಇವಕ್ಕ ಗ್ಲಾಡಿಯೋಲಸ್ ಅಂತಾರ್ರಿ. ನಮ್ಮ ಸಾಲಿ ಸ್ಟೇಜಿನ ಮ್ಯಾಲೆ ಒಮ್ಮೆರ ಇಂಥಾವು ಇರಬೇಕಿತ್ತು" ಎಂದಳು. ಅವಳು ನನ್ನ ಹತ್ತಿರ ಏನನ್ನೂ ಕೇಳುವ ಹೆಣ್ಣಲ್ಲ. ಕೇಳಿದರೆ ಸಿಗುವುದಿಲ್ಲ ಎಂಬುದನ್ನು ಮದುವೆಯಾದ ಹೊಸದರಲ್ಲೇ ಕಲಿತುಬಿಟ್ಟಿದ್ದಳು. ಆದ್ದರಿಂದ ಅವಳ ನಿವೃತ್ತಿಯ ದಿನ ಹತ್ತಿರ ಬಂದಾಗ ನಾನು ಎದೆ ಉಬ್ಬಿಸಿ, "ಸ್ಟೇಜಿನ ಹೂ ನನ್ನ ಜವಾಬ್ದಾರಿ. ನೀ ಆ ಕಡೆ ತಿರುಗಿನೂ ನೋಡಬ್ಯಾಡ" ಎಂದುಬಿಟ್ಟೆ. ಅವಳ ಮುಖದಲ್ಲಿ ಸಂತೋಷ ಮತ್ತು ಭಯ ಎರಡೂ ಒಟ್ಟಿಗೆ ಕಂಡವು.

ಹೂವೆಂದರೆ ನನಗೆ ಗೊತ್ತಿದ್ದದ್ದು ಮಲ್ಲಿಗೆ, ಸೇವಂತಿಗೆ, ಚೆಂಡು ಹೂ. ಇವನ್ನು ಮೊಳದಲ್ಲೋ ತೂಕದಲ್ಲೋ ತೆಗೆದುಕೊಂಡರೆ ಮುಗಿಯಿತು. ದಂಟಿನ ಹೂವಿಗೆ ಇಷ್ಟೊಂದು ಉಪಚಾರವಿದೆ ಎಂದು ಯಾರು ಬಲ್ಲರು? ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ನೀರಿಗೆ ಸಕ್ಕರೆ ಹಾಕಿ ಎಂದ, ಇನ್ನೊಬ್ಬಳು ಸಕ್ಕರೆ ಹಾಕಿದರೆ ನೀರು ಕೊಳೆಯುತ್ತದೆ ಎಂದಳು. ಒಬ್ಬ ತಲೆನೋವಿನ ಗುಳಿಗೆ ಪುಡಿ ಮಾಡಿ ಹಾಕಿದ, ಮತ್ತೊಬ್ಬ ಲಿಂಬೆ ಹಿಂಡಿದ. ದಂಟನ್ನು ಓರೆಯಾಗಿ ಕತ್ತರಿಸಬೇಕು, ನೀರಿನೊಳಗೇ ಕತ್ತರಿಸಬೇಕು, ನೀರಿಗೆ ತಾಗುವ ಎಲೆ ಕೀಳಬೇಕು, ತುದಿಯ ಮೊಗ್ಗು ಚಿವುಟಬೇಕು, ತುದಿಯ ಮೊಗ್ಗು ಯಾವ ಕಾರಣಕ್ಕೂ ಚಿವುಟಬಾರದು. ಸಕ್ಕರೆ, ಲಿಂಬೆ ಎರಡನ್ನೂ ಹಾಕಿದರೆ ಪಾನಕವಾಗುತ್ತದಲ್ಲ, ಅದನ್ನು ಹೂವಿಗೆ ಕೊಡುವುದೋ ಅತಿಥಿಗಳಿಗೆ ಕೊಡುವುದೋ ಎಂದು ನನಗೆ ಅನುಮಾನ ಬಂತು. ಪಕ್ಕದ ಔಷಧಿ ಅಂಗಡಿಯವನನ್ನು ಕೇಳಿದೆ. ಅವನು "ಹೂವಿಗೆ ಜ್ವರಾ ಬಂದಾವೇನ್ರಿ?" ಎಂದ. ಅಲ್ಲಿಗೆ ಸಲಹೆ ಕೇಳುವುದನ್ನು ಬಿಟ್ಟೆ.

ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ಬಾಗಲಕೋಟೆಗೆ ಹೋದೆ. ಸುವರ್ಣಾ ಆ ದಿನ ಉಡಲೆಂದೇ ಅಣ್ಣ ಒಂದು ಸೀರೆ ನೇಯ್ದಿಟ್ಟಿದ್ದ. ಅದರ ಸೆರಗಿನ ಕೆಂಪಿಗೆ ಹೂವು ಹೊಂದಬೇಕೆಂದು ಅದೇ ರೇಷ್ಮೆಯ ಒಂದು ಎಳೆಯನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಮಂಟಪಗಳಿಗೆ ಹೂ ಕೊಡುವ ಅಂಗಡಿಯದು. ಗಂಡ ಹೆಂಡತಿ ಇಬ್ಬರೂ ಕೂತಿದ್ದರು. ಗಂಡ ಒಂದು ಬಕೆಟ್ಟು ಮುಂದೆ ಸರಿಸಿದ. ಅದರಲ್ಲಿದ್ದವುಗಳ ಕೆಳಗಿನ ಹೂಗಳು ಆಗಲೇ ಬಾಯಿ ತೆರೆದಿದ್ದವು, ಮೇಲಿನ ಮೊಗ್ಗುಗಳಲ್ಲಿ ಬಣ್ಣ ಇಣುಕುತ್ತಿತ್ತು. ನನ್ನ ಎಳೆಯನ್ನು ಹಿಡಿದು ನೋಡಿದೆ, ಥೇಟ್ ಅದೇ ಕೆಂಪು. "ನಾಳೆ ಕಾರ್ಯಕ್ರಮ ಅಂದ್ರ ಇವನ್ನ ಒಯ್ರಿ. ನಾಳೆ ಮುಂಜಾನಿಗೆ ಅರ್ಧ ಅರಳಿ ನಿಲ್ಲತಾವ" ಎಂದ. ಹೆಂಡತಿ ಕೂತಲ್ಲಿಂದಲೇ, "ಬಸ್ಸಿನ್ಯಾಗ ಒಯ್ಯಾವರಿಗೆ ಅರಳಿದ್ದ ಕೊಡತಾರೇನು? ನುಜ್ಜ ಆಗಿ ಹೋಗತಾವ. ಯಣ್ಣಾ, ನೀವು ಮೊಗ್ಗ ಒಯ್ರಿ" ಎಂದು ಇನ್ನೊಂದು ಬಕೆಟ್ಟು ತೋರಿಸಿದಳು. ಅದರಲ್ಲಿದ್ದವು ಹಸಿರು ಕೋಲುಗಳು, ಬೆಳಿಗ್ಗೆಯಷ್ಟೇ ಬೆಳಗಾವಿ ಕಡೆಯಿಂದ ಬಂದಿದ್ದವಂತೆ. "ಅವು ಯಾವಾಗ ಅರಳಬೇಕು, ಅವರ ಮೊಮ್ಮಕ್ಕಳ ಮದವಿಗೇನು?" ಎಂದ ಗಂಡ. "ಹ್ವಾದ ವಾರ ನೀವು ಕೊಟ್ಟದ್ದು ಅಕ್ಷತಾ ಬೀಳೂದರಾಗ ಬಾಡಿದ್ವು, ಮರತ್ರೇನು?" ಎಂದಳು ಹೆಂಡತಿ. ಇಬ್ಬರೂ ನನ್ನನ್ನು ಮರೆತು, ಹೋದ ವಾರದ ಮದುವೆಗೆ ಹೋಗಿಬಿಟ್ಟರು.

ನಾನು ಎರಡು ಬಕೆಟ್ಟುಗಳ ನಡುವೆ ನಿಂತೆ. ಒಮ್ಮೆ ಇದನ್ನು ಎತ್ತಿದೆ, ಒಮ್ಮೆ ಅದನ್ನು. ಎರಡನ್ನೂ ಅರ್ಧರ್ಧ ಒಯ್ಯಲೇ ಎಂದರೆ ವೇದಿಕೆ ಒಂದು ಕಡೆ ಹಬ್ಬ, ಒಂದು ಕಡೆ ಸೂತಕ ಎಂಬಂತೆ ಕಾಣುತ್ತದೆ. "ಇದರಾಗ ಸ್ವಲ್ಪ ಕಡಿಮಿ ಅರಳಿದ್ದು ಐತೇನ್ರಿ? ಅದರಾಗ ಸ್ವಲ್ಪ ಹೆಚ್ಚ ಅರಳಿದ್ದು ಐತೇನ್ರಿ?" ಎಂದು ಕೇಳಿದೆ. ಕೇಳಿದ ಮೇಲೆ ಆ ಧ್ವನಿ ಎಲ್ಲೋ ಕೇಳಿದಂತಿದೆ ಎನಿಸಿತು. ಗಾದಿಯ ಮೇಲೆ ಕೂತು ನನ್ನ ಪ್ರಾಣ ತಿನ್ನುವ ಹೆಣ್ಣುಮಕ್ಕಳ ಧ್ವನಿಯೇ ಅದು. ನಾಚಿಕೆಯಾಗಿ ಅಣ್ಣನಿಗೆ ಫೋನು ಮಾಡಿದೆ. ಮಾತು ಬಾರದ ಅಣ್ಣ ಅಂದು ಮಾತ್ರ ಸ್ಪಷ್ಟವಾಗಿ ಮಾತಾಡಿದ. "ಉಡುಗೊರಿ ಅಲ್ಲೇನೋ ಅದು? ಗಳಗಿ ಮುರದದ್ದನ್ನ ಯಾರರ ಹೆಂಡ್ತಿಗೆ ಕೊಡತಾರೇನು?" ಎಂದ. ನನಗೆ ಕಣ್ಣು ತೆರೆದಂತಾಯಿತು. ಇಷ್ಟು ಸರಳ ವಿಷಯ ಹೊಳೆಯಲಿಲ್ಲವಲ್ಲ! ಬಾಯಿ ತೆರೆದ ಹೂವೆಂದರೆ ಗಳಿಗೆ ಮುರಿದ ಸೀರೆಯೇ ಸರಿ. ಒಂದೇ ಒಂದು ಮೊಗ್ಗೂ ಬಿರಿಯದ, ಬಣ್ಣದ ಸುಳಿವನ್ನೂ ಕೊಡದ, ಅಪ್ಪಟ ಹಸಿರು ದಂಟುಗಳನ್ನು ಆರಿಸಿ ಆರಿಸಿ ತೆಗೆದೆ. ಎಲ್ಲಾದರೂ ಒಂದರಲ್ಲಿ ಬಣ್ಣ ಇಣುಕಿದರೆ ಹಿಂದಕ್ಕಿಟ್ಟೆ. ಇವೂ ಕೆಂಪೇ ತಾನೆ ಎಂದು ಕೇಳಿದ್ದಕ್ಕೆ ಗಂಡ ಹೆಂಡತಿ ಅಂದು ಮೊದಲ ಸಲ ಒಮ್ಮತದಿಂದ "ಕೆಂಪರೀ" ಎಂದರು. ಹೊರಡುವಾಗ ಆ ಹೆಣ್ಣುಮಗಳು "ನೀರಾಗ ನಿಂದ್ರಸಿ ಇಡ್ರಿ, ಅಡ್ಡ ಮಲಗಸಬ್ಯಾಡ್ರಿ" ಎಂದು ಕೂಗಿದ್ದು ನೆನಪಿದೆ. ಗಂಡ ಅದಕ್ಕೂ ಏನೋ ತಕರಾರು ತೆಗೆದ. ಹಾಗಾಗಿ ಆ ಮಾತಿನ ತೂಕ ನನಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಮಾತ್ರ ನಾನು ಆದರ್ಶ ಪುರುಷನಾಗಿದ್ದೆ. ಕಾಗದದಲ್ಲಿ ಸುತ್ತಿದ ಕಟ್ಟನ್ನು ತೊಡೆಯ ನಡುವೆ ನೆಟ್ಟಗೆ ನಿಲ್ಲಿಸಿ ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಕಮತಗಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಕೂರಲು ಜಾಗ ಕೇಳಿದಾಗ ನಾನು ಎದ್ದು ನಿಂತೆನೇ ಹೊರತು ಹೂವನ್ನು ಸೀಟಿನಿಂದ ಇಳಿಸಲಿಲ್ಲ. ಅವಳು ಹೂವಿನ ಪಕ್ಕ ಕೂತು ಅಮೀನಗಡದವರೆಗೂ ಅದನ್ನೇ ದಿಟ್ಟಿಸಿದಳು. ಕೊನೆಗೆ ತಡೆಯಲಾರದೆ "ಏನೈತೋ ಯಪ್ಪಾ ಇದರಾಗ?" ಎಂದಳು. "ಹೂವಬೇ" ಎಂದೆ. ಕಾಗದ ಸರಿಸಿ ಇಣುಕಿ ನೋಡಿ, "ಇರಲಿ ಬಿಡು" ಎಂದು ಸಮಾಧಾನ ಹೇಳಿದಳು. ಯಾಕೆ ಸಮಾಧಾನ ಹೇಳಿದಳು ಎಂದು ಆಗ ನನಗೆ ಹೊಳೆಯಲಿಲ್ಲ.

ಮನೆಗೆ ತಂದರೆ ಸುವರ್ಣಾಳ ಕಣ್ಣಿಗೆ ಬೀಳುತ್ತವೆಂದು ನೇರ ಅಣ್ಣನ ಮನೆಗೆ ಒಯ್ದೆ. ಅವನ ಮಗ್ಗದ ಕೋಣೆ ತಂಪು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಹಳೆಯ ಮಗ್ಗವದು, ಅಲ್ಲಿ ಬಿಸಿಲು ಸುಳಿಯುವುದಿಲ್ಲ. ಬಕೆಟ್ಟಿನಲ್ಲಿ ನೀರು ಹಾಕಿ ನಿಲ್ಲಿಸೋಣ ಎಂದರೆ ಅಣ್ಣ ಒಪ್ಪಲಿಲ್ಲ. "ನಿಂದ್ರಸಿದ್ರ ತಮ್ಮ ಭಾರಕ್ಕ ತಾವ ಬಾಗತಾವ. ಹಾಸಿನ ನೂಲು ನೆಟ್ಟಗಿರಬೇಕಂದ್ರ ನಾವು ನಿಂದ್ರಸತೀವೇನು? ಅಡ್ಡ ಹಾಸಿ, ಎಳದ ಕಟ್ಟತೀವಿ" ಎಂದ. ತಲೆಮಾರುಗಳಿಂದ ನೂಲನ್ನು ನೆಟ್ಟಗೆ ಇಟ್ಟ ಮನೆತನ ನಮ್ಮದು, ಅದರ ಮಾತನ್ನು ತೆಗೆದುಹಾಕುವುದು ಹೇಗೆ? ಇಬ್ಬರೂ ಸೇರಿ ಮಗ್ಗದ ಪಕ್ಕದ ಹಲಗೆಯ ಮೇಲೆ ದಂಟುಗಳನ್ನು ಒಂದರ ಪಕ್ಕ ಒಂದು ಮಲಗಿಸಿ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ನಡುವೆ ಅಲ್ಲಲ್ಲಿ ನೂಲಿನಿಂದ ಹಗುರಾಗಿ ಕಟ್ಟಿದೆವು. ಅಷ್ಟರಲ್ಲಿ ಅತ್ತಿಗೆ ನೂಲಿಗೆ ಹಚ್ಚುವ ಗಂಜಿಯ ಪಾತ್ರೆ ಹಿಡಿದು ಬಂದು, "ಸ್ವಲ್ಪ ಗಂಜಿ ಹಚ್ಚೂಣೇನು? ಬಿಗಿ ಬರತಾವ" ಎಂದಳು. ಬೇಡವೆಂದೆ. ಆಮೇಲೆ ಹಚ್ಚಿದ್ದರೇ ಚೆನ್ನಾಗಿತ್ತೇನೋ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಪೇಚಾಡಿದೆ.

ಬೆಳಿಗ್ಗೆ ಹೋಗಿ ನೋಡಿದರೆ ಒಂದು ಮೊಗ್ಗೂ ಬಿರಿದಿರಲಿಲ್ಲ. ಅದು ಹೋಗಲಿ, ಅಷ್ಟೂ ದಂಟುಗಳ ತುದಿ ಮೇಲಕ್ಕೆ ಬಾಗಿ ಕೊಕ್ಕೆಯಂತಾಗಿತ್ತು. ಮಲಗಿಸಿದ್ದಕ್ಕೆ ಎಲ್ಲವೂ ತಲೆ ಎತ್ತಿ ಬಾಗಿಲ ಕಡೆ ನೋಡುತ್ತಿದ್ದವು. ಈ ಹೂವನ್ನು ಅಡ್ಡ ಮಲಗಿಸಿದರೆ ತುದಿ ಆಕಾಶ ಹುಡುಕಿಕೊಂಡು ಏಳುತ್ತದಂತೆ, ಒಮ್ಮೆ ಹಾಗೆ ಬಾಗಿದರೆ ಬಾಗಿದ್ದೇ ಅಂತೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಅಣ್ಣ ಒಂದನ್ನು ಎತ್ತಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ. "ನೂಲು ಹಿಂಗ ಮಾಡೂದಿಲ್ಲ ನೋಡು" ಎಂದ. ಇಡೀ ಜಿಲ್ಲೆಯಲ್ಲಿ ಹೂವಿಗೆ ಹಾಸು ಹಾಕಿದ ಮೊದಲ ಮನುಷ್ಯರು ನಾವೇ ಇರಬೇಕು. ಆದರೆ ಕಾರ್ಯಕ್ರಮಕ್ಕೆ ಹೊತ್ತಾಗುತ್ತಿತ್ತು. ಬೇರೆ ಹೂ ತರಲು ಬಾಗಲಕೋಟೆಗೆ ಹೋಗಿ ಬರುವಷ್ಟರಲ್ಲಿ ಸುವರ್ಣಾ ನಿವೃತ್ತಳಾಗಿಬಿಡುತ್ತಿದ್ದಳು.

ವೇದಿಕೆಯ ಎರಡೂ ಬದಿ ಹಿತ್ತಾಳೆಯ ಕೊಡಗಳಲ್ಲಿ ಅವನ್ನು ನಿಲ್ಲಿಸಿದೆ. ಸಹಶಿಕ್ಷಕಿಯೊಬ್ಬರು ಹತ್ತಿರ ಬಂದು ಬಹಳ ಗೌರವದಿಂದ, "ಸರ್, ಉಳ್ಳಾಗಡ್ಡಿ ದಂಟ ಯಾಕ ಇಟ್ಟೀರಿ? ಏನರ ಪದ್ಧತಿ ಐತೇನ್ರಿ ನಿಮ್ಮಲ್ಲಿ?" ಎಂದು ಕೇಳಿದರು. ಇದು ಈರುಳ್ಳಿಯಲ್ಲ, ಬಹಳ ಬೆಲೆಯ ಹೂವು, ಇನ್ನೇನು ಅರಳುತ್ತದೆ ಎಂದೆ. ಅವರು ಕೈಗಡಿಯಾರ ನೋಡಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಯಾರೋ ಬೀರು ತೆರೆದ ಸದ್ದಾಯಿತು. ಪ್ಲಾಸ್ಟಿಕ್ ಗುಲಾಬಿಯ ಕುಂಡಗಳು ಬಂದು ಮೇಜಿನ ಮೇಲೆ, ನನ್ನ ಕೋಲುಗಳಿಗೆ ಅಡ್ಡವಾಗಿ ಕೂತವು. ಧೂಳು ಒರೆಸಲು ಮಾತ್ರ ಅಂದು ಯಾರಿಗೂ ನೆನಪಾಗಲಿಲ್ಲ, ಅದನ್ನು ಒರೆಸುತ್ತಿದ್ದವಳು ಮಧ್ಯದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದಳು. ಅಣ್ಣ ನೇಯ್ದ ಸೀರೆಯ ಕೆಂಪು ಸೆರಗು ಹೊಳೆಯುತ್ತಿತ್ತು. ಅವಳು ಒಮ್ಮೆ ಬಲಕ್ಕೆ ನೋಡಿದಳು, ಒಮ್ಮೆ ಎಡಕ್ಕೆ ನೋಡಿದಳು, ಆಮೇಲೆ ಸಭೆಯಲ್ಲಿ ನನ್ನನ್ನು ಹುಡುಕಿದಳು. ನಾನು ಮುಂದಿನವರ ಬೆನ್ನ ಹಿಂದೆ ತಲೆ ತಗ್ಗಿಸಿದೆ. ನಿಜವಾಗಿ ಅಳು ಬಂತು. ಅವಳು ಜೀವಮಾನದಲ್ಲಿ ಬೇಕೆಂದದ್ದು ಒಂದೇ ಒಂದು, ಅದನ್ನೂ ನಾನು ಗಳಿಗೆ ಮುರಿಯದ ಹಾಗೆ ತಂದು ಕೆಡಿಸಿದ್ದೆ.

ಭಾಷಣಗಳು ನಡೆದವು. ಪ್ರತಿ ಭಾಷಣ ಮುಗಿದಾಗಲೂ ಯಾವುದಾದರೂ ಮೊಗ್ಗು ಮನಸ್ಸು ಮಾಡಿತೇ ಎಂದು ಕತ್ತೆತ್ತಿ ನೋಡಿದೆ. ಅತಿಥಿಗಳೊಬ್ಬರು ಬಹಳ ದೀರ್ಘವಾಗಿ ಮಾತಾಡಿದಾಗ ಆಸೆ ಚಿಗುರಿತು, ಜನರೆಲ್ಲ ಆಕಳಿಸಿದರೂ ಮೊಗ್ಗುಗಳು ಬಾಯಿ ತೆರೆಯಲಿಲ್ಲ. ಕೊನೆಗೆ ಸುವರ್ಣಾ ಮೈಕಿನ ಮುಂದೆ ನಿಂತಳು. ಮಕ್ಕಳ ಬಗ್ಗೆ, ಬಿಸಿಯೂಟದ ತಾಯಂದಿರ ಬಗ್ಗೆ ಹೇಳಿ, ಆಮೇಲೆ ಕೊಡಗಳ ಕಡೆ ಕೈ ತೋರಿಸಿದಳು. "ಇವು ನಮ್ಮನಿಯವರು ತಂದ ಹೂವು. ಇನ್ನೂ ಅರಳಿಲ್ಲ. ನನ್ನ ರಿಟಾಯರ್ಮೆಂಟ್ ಇವತ್ತ ಐತಿ ಅಂತ ಅವಕ್ಕ ಯಾರೂ ಹೇಳಿಲ್ಲ ಕಾಣಸತೈತಿ" ಎಂದಳು. ಸಭೆ ನಕ್ಕಿತು. ನಾನೂ ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕೆ. ಮುಗಿದ ಮೇಲೆ ಅವಳು ಶಾಲು, ಹಾರ, ಹಣ್ಣಿನ ಬುಟ್ಟಿಗಳನ್ನು ಅಲ್ಲಿದ್ದವರಿಗೆ ಹಂಚಿ, ಆ ಹಸಿರು ಕೋಲುಗಳನ್ನು ಮಾತ್ರ ಎದೆಗವಚಿಕೊಂಡು ಇಳಕಲ್ಲಿನ ಬಸ್ಸು ಹತ್ತಿದಳು. ಅಲ್ಲೇ ಬಿಟ್ಟುಬಿಡು ಎಂದದ್ದಕ್ಕೆ, "ಬಿಡ್ರಿ, ಅರಳಲಾರದವನ್ನ ಹೊರಗ ಹಾಕಿದ ರೂಢಿ ನನಗಿಲ್ಲ" ಎಂದಳು. ಅದು ಹೂವಿಗೆ ಹೇಳಿದ್ದೋ, ಕಲಿಯದ ಮಕ್ಕಳಿಗೆ ಹೇಳಿದ್ದೋ, ನನಗೆ ಹೇಳಿದ್ದೋ ಇಂದಿಗೂ ಗೊತ್ತಾಗಿಲ್ಲ. ಮನೆಗೆ ಬಂದು ಯಾವ ವಿಡಿಯೋ ನೋಡದೆ, ದಂಟಿನ ಬುಡ ಕತ್ತರಿಸಿ, ಬಾಗಿದ ತುದಿಗಳನ್ನು ಚಿವುಟಿ, ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ ಪಡಸಾಲೆಯ ಕಿಟಕಿಯ ಹತ್ತಿರ ಇಟ್ಟಳು. ಸಕ್ಕರೆ ಹಾಕಲೇ ಎಂದೆ. ನನ್ನ ಮುಖ ನೋಡಿದಳು, ಹಾಕಲಿಲ್ಲ.

ಸೋಮವಾರ ಬಂತು. ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಸುವರ್ಣಾ ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಹೊಸ್ತಿಲ ಮೇಲೆ ನಿಂತುಬಿಟ್ಟಿದ್ದಳು. ಹುನಗುಂದದ ಬಸ್ಸಿನ ಹೊತ್ತು ಅದು. ಹೋಗುವ ಹಾಗಿಲ್ಲ ಎಂದು ಕಾಲಿಗೆ ಗೊತ್ತಿರಲಿಲ್ಲ. ನನ್ನ ಬಾಯಿ ತುಂಬ ನೊರೆಯಿತ್ತು. ಅವಳು ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಕಿಟಕಿಯ ಹತ್ತಿರ ಒಂದು ದಂಟಿನ ಕೆಳಗಿನ ಮೊಗ್ಗು ಬಾಯಿ ಬಿಟ್ಟಿತ್ತು. "ಅಯ್ಯ, ಬಂತು ನೋಡ್ರಿ ಒಂದು!" ಎಂದಳು. ಚೀಲ ಹೆಗಲ ಮೇಲಿದ್ದಂತೆಯೇ ಕೂತು ನೋಡಿದಳು. ನಾನೂ ಓಡಿಹೋಗಿ ನೋಡಿದೆ. ಅರಿಷಿಣದಂಥ ಹಳದಿ. "ಕೆಂಪು ಅಂದಿದ್ರಿ" ಎಂದಳು. "ಆಗತೈತಿ, ಸ್ವಲ್ಪ ತಡಿ" ಎಂದೆ. ಅವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ನೀರಿನಲ್ಲಿ ನಗೆಯದು ಎಷ್ಟು, ಶಾಲೆಯದು ಎಷ್ಟು ಎಂದು ನಾನು ಕೇಳಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಸರಿಯಾಗಿ ಅವಳು ಕಿಟಕಿಯ ಮುಂದೆ ಕೂತು, ಯಾವುದು ಬಂದಿದೆ, ಯಾವುದು ಬಂದಿಲ್ಲ ಎಂದು ಹಾಜರಿ ತೆಗೆದುಕೊಳ್ಳುತ್ತಿದ್ದಳು. ಒಂದೊಂದೇ ಮೆಟ್ಟಿಲು ಮೇಲೇರಿ ಹೂಗಳು ಬಂದವು. ಎಲ್ಲ ಹಳದಿಯೇ. ವೇದಿಕೆಯ ಮೇಲೆ ಅರಳಿದ್ದರೆ ಆ ಸಂಜೆಗೇ ಕಸಕ್ಕೆ ಹೋಗುತ್ತಿದ್ದವು, ಆ ಖಾಲಿ ವಾರವನ್ನು ಅವಳು ಹೇಗೆ ಕಳೆಯುತ್ತಿದ್ದಳೋ. "ಹಿಂಗ ಆಗಲಿ ಅಂತನ ಮೊಗ್ಗ ತಂದಿದ್ದೆ" ಎಂದು ಒಂದು ದಿನ ಧೈರ್ಯ ಮಾಡಿ ಹೇಳಿದೆ. ಅವಳು ನಂಬಲಿಲ್ಲ, ಆದರೆ ಚಹಾಕ್ಕೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದಳು.

ಹೂಗಳೆಲ್ಲ ಮುಗಿದ ಮೇಲೆ ಅವಳು ಅಂಗಡಿಗೆ ಬರತೊಡಗಿದಳು. ಮೊದಲ ದಿನವೇ ಒಬ್ಬ ಹೆಣ್ಣುಮಗಳು "ಬಿಚ್ಚಿ ತೋರಸ್ರಿ" ಎಂದಳು, ನಾನು ಎಂದಿನಂತೆ ಮುಖ ಗಂಟಿಕ್ಕಿದೆ. ಸುವರ್ಣಾ ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಸರ್ರನೆ ಪೂರ್ತಿ ಬಿಚ್ಚಿ, ಸೆರಗನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನಿಂತಳು. "ಗಳಗಿ ಮುರೀತಲ್ಲ!" ಎಂದು ನಾನು ಕೂಗಿಯೇಬಿಟ್ಟೆ. "ಮುರೀಲಿ. ಗಳಗಿ ಮುರೀಲಾರದವನ್ನ ಎಡಕ ಬಲಕ ಇಟಗೊಂಡು ಸ್ಟೇಜಿನ ಮ್ಯಾಲೆ ಕೂತಾಕಿ ನಾ" ಎಂದಳು. ಈಗ ಅಂಗಡಿಯ ತುಂಬ ಸೀರೆಗಳು ಬಿಚ್ಚಿಕೊಂಡು ಬಿದ್ದಿರುತ್ತವೆ, ಸಂಜೆ ಅವನ್ನೆಲ್ಲ ಮಡಚುವ ಕೆಲಸ ನನ್ನದು. ಎಷ್ಟು ಒತ್ತಿದರೂ ಮೊದಲಿನ ಮಡಿಕೆ ಕೂರುವುದಿಲ್ಲ. ಮೊನ್ನೆ ಒಬ್ಬಳು ಅಂಥದೊಂದು ಸೀರೆಯನ್ನು ಅನುಮಾನದಿಂದ ತಿರುಗಿಸಿ ಮುರುಗಿಸಿ ನೋಡಿ, "ಇದು ಹೊಸಾದ ಏನ್ರಿ?" ಎಂದು ಕೇಳಿದಳು. ನಾನು ಹೌದು ಎನ್ನಲೋ ಅಲ್ಲ ಎನ್ನಲೋ ತಿಳಿಯದೆ ತೊದಲುತ್ತಿದ್ದೆ. ಸುವರ್ಣಾ ತಲೆ ಎತ್ತದೆ, "ಹೊಸಾದ ಐತಿ ತಗೋಳವ್ವ, ನಿನ್ನೆ ಅರಳೇತಿ" ಎಂದಳು. ಆ ಹೆಣ್ಣುಮಗಳು ಅದನ್ನೇ ಕಟ್ಟಿಸಿಕೊಂಡು ಹೋದಳು. ಏನು ತಿಳಿದುಕೊಂಡಳೋ ನನಗಂತೂ ಅರ್ಥವಾಗಲಿಲ್ಲ, ಸುಮ್ಮನೆ ಬಿಲ್ಲು ಬರೆದುಕೊಟ್ಟೆ.